ಆಡೂ ಮುಟ್ಟದ ಹೆಸರು

ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ನಿಂತು ಹುಸೇನಪ್ಪಾ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಮೌಲಾಲಿ ಎಂದರೆ ಇನ್ನೂ ಹತ್ತು ಜನ. ಹಂಜಲಾ ಎಂಬ ಹೆಸರಿನವನನ್ನು ಮಾತ್ರ ನಾನು ಕಂಡಿದ್ದು ಒಬ್ಬನನ್ನೇ. ನಮ್ಮ ಜಿನ್ನಿಂಗ್ ಮಿಲ್ಲಿನಲ್ಲಿ ಹನ್ನೊಂದು ವರ್ಷ ಪ್ರೆಸ್ಸು ನೋಡಿಕೊಂಡವನು ಅವನು. ಬೀಜ ಬಿಡಿಸಿದ ಅರಳೆಯನ್ನು ಅದುಮಿ ಬೇಲು ಕಟ್ಟುವ ಆ ಯಂತ್ರ ಅವನ ಮಾತು ಕೇಳಿದಷ್ಟು ನನ್ನ ಮಾತು ಎಂದೂ ಕೇಳಲಿಲ್ಲ, ಮಿಲ್ಲು ನನ್ನದೇ ಆದರೂ.

ನಾನು ಸಿದ್ದಲಿಂಗೇಶ್. ಮಿಲ್ಲು ಕಟ್ಟಿಸಿದ್ದು ನಮ್ಮಪ್ಪ ಸೋಮಶೇಖರಪ್ಪ. ಅವರು ಹೋದ ಮೇಲೆ ನನ್ನ ಹೆಗಲಿಗೆ ಬಿತ್ತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಕೂಲಿಯವರು ಹೇಳುತ್ತಾರೆ, ಸುಳ್ಳಲ್ಲ. ಈ ಬರಹವನ್ನೂ ಸಿಟ್ಟಿನಿಂದಲೇ ಶುರು ಮಾಡಿದ್ದೇನೆ. ಹೋದ ಫೆಬ್ರವರಿಯಲ್ಲಿ ನಡೆದದ್ದನ್ನು ಊರಿನವರು ಬಾಯಿಗೆ ಬಂದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಮದುವೆಯ ಮರುದಿನವೇ ಸಾವ್ಕಾರ ಆ ಹುಡುಗನನ್ನು ಬೆಂಕಿಗೆ ನೂಕಿದ ಎಂದು ಕೆಲವರು. ಇಲ್ಲ, ಸಾವ್ಕಾರನೇ ಬೆಂಕಿಗೆ ಹಾರಿದ ಎಂದು ಇನ್ನು ಕೆಲವರು. ಎರಡೂ ಅಲ್ಲ. ನಡೆದದ್ದು ಹೇಳಬೇಕೆಂದರೆ ಅವನ ಹೆಸರಿನಿಂದಲೇ ಹೇಳಬೇಕು.

ಹಂಜಲಾನ ಅಪ್ಪ ಬಡೇಸಾಬ್ ಪಿಂಜಾರ. ಹೆಗಲ ಮೇಲೆ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ, ಗಂಟುಗಟ್ಟಿದ ಹಾಸಿಗೆಯ ಹತ್ತಿಯನ್ನು ಹಿಂಜಿ ಹೂವು ಮಾಡಿಕೊಡುತ್ತಿದ್ದ. ಅವನ ಹೆಂಡತಿ ಪೀರಮ್ಮ ನಮ್ಮಮ್ಮ ಅಂಬಮ್ಮನಿಗೆ ಗೆಳತಿ. ನಮ್ಮ ಮನೆಯ ಹಾಸಿಗೆಗಳಿಗೆ ಬಟ್ಟೆ ಹೊಲಿದು ಟಾಕು ಹಾಕುವವಳು ಅವಳೇ. ಆಕೆಗೆ ಮೂರು ಮಕ್ಕಳು ಹುಟ್ಟಿ, ಮೂರೂ ನಲವತ್ತು ದಿನ ತುಂಬುವುದರೊಳಗೆ ತೀರಿಕೊಂಡವು. ನಾಲ್ಕನೆಯ ಹೆರಿಗೆಗೆ ತವರಿಗೆ, ತುಂಗಭದ್ರೆಯ ದಂಡೆಯ ನಾಗಲದಿನ್ನೆಗೆ ಹೋದಳು. ಗಂಡು ಹುಟ್ಟಿತು. ಮನೆಯಲ್ಲಿ ಯಾರೂ ನಗಲಿಲ್ಲ. ಕೂಸಿನ ಮುಖವನ್ನು ನೆಟ್ಟಗೆ ನೋಡುವುದಕ್ಕೂ ಅವಳಿಗೆ ಹೆದರಿಕೆ.

ಹೊಳೆ ದಾಟಲು ಬಂದ ಒಬ್ಬ ಮುದಿ ಮೌಲ್ವಿಯನ್ನು ಕೂಸಿನ ಕಿವಿಯಲ್ಲಿ ಅಜಾನ್ ಹೇಳಿ ಹೆಸರಿಡಲು ಕರೆತಂದರು. ಮನೆಯ ಮುಂದೆ ಮರಳು. ಅದರ ಮೇಲೆ ಹಾವುಮೆಕ್ಕೆ ಬಳ್ಳಿ ಹಬ್ಬಿತ್ತು. ನಿಂಬೆಗಿಂತ ದೊಡ್ಡದು, ಕಲ್ಲಂಗಡಿಯ ಮರಿಯಂತೆ ಪಟ್ಟೆ ಪಟ್ಟೆ ಕಾಯಿ. ಅದನ್ನು ಬಾಯಿಗಿಟ್ಟವರು ಸಂಜೆಯತನಕ ಉಗುಳುತ್ತಿರಬೇಕು, ಅಂಥ ಕಹಿ. ಆಡು ಮುಟ್ಟದ ಸೊಪ್ಪಿಲ್ಲ ಎಂದು ನಮ್ಮಲ್ಲಿ ಗಾದೆ. ಆದರೆ ಆಡುಗಳು ಆ ಕಾಯಿಯ ತನಕ ಬಂದು ಮೂಸಿ ಮುಂದೆ ಹೋಗುತ್ತಿದ್ದವು. ಮೌಲ್ವಿ ಅದನ್ನು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಹೇಳಿದರಂತೆ, ಅರಬರ ದೇಶದ ಮರಳಲ್ಲೂ ಈ ಬಳ್ಳಿ ಇದೆ, ಅಲ್ಲಿ ಇದರ ಕಾಯಿಗೆ ಹಂಜಲ್ ಎನ್ನುತ್ತಾರೆ. ಹಿಂದಿನ ಕಾಲದ ಅರಬರು ಗಂಡುಮಕ್ಕಳಿಗೆ ಒರಟು ಹೆಸರು, ಕಹಿ ಹೆಸರು ಬೇಕೆಂದೇ ಇಡುತ್ತಿದ್ದರು, ಕೇಳಿದ ವೈರಿ ಹಿಂಜರಿಯಲಿ ಎಂದು. ಈ ಕೂಸಿನ ವೈರಿ ಯಾರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಪೈಗಂಬರರ ಜೊತೆಗಾರರಲ್ಲೂ ಒಬ್ಬ ಹಂಜಲಾ ಇದ್ದ, ಅವನ ಮೈಯನ್ನು ಫರಿಸ್ತೆಗಳೇ, ಅಂದರೆ ದೇವದೂತರೇ, ಇಳಿದು ಬಂದು ತೊಳೆದರು ಎಂದೂ ಮೌಲ್ವಿ ಹೇಳಿದರು. ಅಷ್ಟರಲ್ಲಿ ಹರಗೋಲಿನವನು ಕೂಗಿದ. ಅವರು ಎದ್ದು ಹೊಳೆ ದಾಟಿದರು. ಕಥೆ ಅಷ್ಟಕ್ಕೇ ನಿಂತಿತು. ಮಿಕ್ಕಿದ್ದನ್ನು ಪೀರಮ್ಮ ತಾನೇ ಕಟ್ಟಿಕೊಂಡಳು. ಫರಿಸ್ತೆಗಳು ಎಳೆಗೂಸನ್ನು ಕಾಲಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯುವುದನ್ನು ಅವಳು ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು. ಇಪ್ಪತ್ತೆಂಟು ವರ್ಷ ಓಣಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದಳು.

ಆದವಾನಿಗೆ ವಾಪಸು ಬಂದವಳು ಹೆಸರೊಂದನ್ನೇ ನಂಬಿ ಕೂಡಲಿಲ್ಲ. ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಮಕ್ಕಳು ಉಳಿಯದ ತಾಯಿ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆ ಮನೆಯ ಹೊಸ್ತಿಲ ಮೇಲೆ ಇಟ್ಟು, ಒಂದು ಸೇರು ತೌಡಿಗೆ ಮಾರುತ್ತಾಳೆ. ಕೊಂಡವಳು, ಇದು ನನ್ನ ಕೂಸು, ಸಾಕಲು ನಿನಗೆ ಕೊಟ್ಟಿದ್ದೇನೆ ಎಂದು ಹೇಳಿ ಮರಳಿ ಅವಳ ಮಡಿಲಿಗೆ ಹಾಕುತ್ತಾಳೆ. ಹುಡುಕಿಕೊಂಡು ಬಂದ ಸಾವಿಗೆ ವಿಳಾಸ ತಪ್ಪಬೇಕು, ಅಷ್ಟೆ. ಊರಲ್ಲಿ ತೌಡಪ್ಪ ಎಂಬ ಹೆಸರಿನವರೆಲ್ಲ ಹೀಗೆ ಮಾರಾಟವಾದವರೇ. ಪೀರಮ್ಮನ ಕೂಸನ್ನು ಕೊಂಡದ್ದು ನಮ್ಮಮ್ಮ. ಆಗ ನನಗೆ ಹನ್ನೆರಡು ವರ್ಷ, ತೌಡು ಅಳೆದುಕೊಟ್ಟವನು ನಾನೇ. ಸೇರನ್ನು ತಲೆ ಹೊಡೆದು ಅಳೆದೆ. ಅಮ್ಮ ನನ್ನ ಕೈಗೆ ಒಂದು ಬಿಟ್ಟು, ತಮ್ಮನನ್ನು ಕೊಳ್ಳುವಾಗ ಜುಗ್ಗತನ ಮಾಡಬೇಡ ಎಂದು ಹೇಳಿ ಗೋಪುರದ ಹಾಗೆ ತುಂಬಿಸಿದಳು.

ಕೂಸು ನಲವತ್ತು ದಿನ ದಾಟಿತು, ವರ್ಷ ದಾಟಿತು. ಹೆಸರಿನಿಂದಲೋ, ತೌಡಿನಿಂದಲೋ, ಆಗ ಊರಿಗೆ ಬಂದ ಒಳ್ಳೆಯ ಡಾಕ್ಟರಮ್ಮನಿಂದಲೋ ನನಗೆ ತಿಳಿಯದು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ಅವನ ಹೆಸರಿಗೆ ಬಂದು ಪ್ರತಿ ದಿನ ಒಂದು ಸಲ ನಿಲ್ಲುತ್ತಿದ್ದರಂತೆ. ಹುಡುಗರು ತೌಡುಸಾಬ ಎಂದು ಗೇಲಿ ಮಾಡುತ್ತಿದ್ದರು. ಅವನು ಅದಕ್ಕೆಲ್ಲ ಮುಖ ಸಣ್ಣ ಮಾಡಿದವನಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಅಮ್ಮ ಅವನ ತಟ್ಟೆಗೆ ಒಂದು ಹೋಳಿಗೆ ಹೆಚ್ಚು ಹಾಕುತ್ತಿದ್ದಳು, ನನಗೆ ಉರಿಯುತ್ತಿತ್ತು. ಅದನ್ನೂ ಬರೆದುಬಿಡುತ್ತೇನೆ.

ರೆಡಿಮೇಡ್ ಹಾಸಿಗೆ ಬಂದು ಪಿಂಜಾರರ ಬಿಲ್ಲು ಗೋಡೆಗೆ ನೇತುಬಿತ್ತು. ಬಡೇಸಾಬ್ ತೀರಿಕೊಂಡ. ಹದಿನೇಳನೆಯ ವಯಸ್ಸಿಗೆ ಹಂಜಲಾ ನಮ್ಮ ಮಿಲ್ಲಿಗೆ ಬಂದ. ಅಪ್ಪನಿಂದ ಅವನಿಗೆ ಬಂದ ಆಸ್ತಿ ಎಂದರೆ ಅಂಗೈ. ಹತ್ತಿಯೊಳಗೆ ಕೈ ಇಟ್ಟರೆ ತೇವ ಎಷ್ಟಿದೆ, ಯಾವ ಊರಿನ ಹೊಲದ್ದು, ಒಳಗೆ ಬಿಸಿ ಇದೆಯೋ ಇಲ್ಲವೋ ಹೇಳುತ್ತಿದ್ದ. ಹತ್ತಿಯ ಮಿಲ್ಲಿನಲ್ಲಿ ಕೊನೆಯದು ಎಲ್ಲಕ್ಕಿಂತ ಮುಖ್ಯ. ಹೊಲದಿಂದ ಬಂದ ಹತ್ತಿಯಲ್ಲಿ ಒಂದು ಕಲ್ಲುಚೂರು, ಒಂದು ಮೊಳೆ ಇದ್ದರೂ ಬೀಜ ಬಿಡಿಸುವ ಜಿನ್ ಯಂತ್ರಕ್ಕೆ ತಾಗಿ ಕಿಡಿ ಏಳುತ್ತದೆ. ಆ ಕಿಡಿ ಕೂಡಲೇ ಹೊತ್ತಿ ಉರಿಯುವುದಿಲ್ಲ. ಅರಳೆಯೊಳಗೆ ಕೂತು, ಅರಳೆಯ ಜೊತೆಗೇ ಪ್ರೆಸ್ಸಿಗೆ ಹೋಗಿ, ಬೇಲಿನ ಹೊಟ್ಟೆಯಲ್ಲಿ ಸದ್ದಿಲ್ಲದೆ ತಿನ್ನುತ್ತಾ ಇರುತ್ತದೆ. ಒಂದು ದಿನ, ಎರಡು ದಿನ. ಗಾಳಿ ಸಿಕ್ಕ ಗಳಿಗೆಗೆ ಗೋದಾಮೇ ಇಲ್ಲ. ಅದಕ್ಕೇ ಹಂಜಲಾ ಗಂಟೆಗೊಮ್ಮೆ ಪ್ರೆಸ್ಸು ನಿಲ್ಲಿಸಿ, ಅರಳೆಯೊಳಗೆ ಮೊಣಕೈತನಕ ಕೈ ಹಾಕಿ ನೋಡುತ್ತಿದ್ದ. ಹೊತ್ತು ಹಾಳು ಎಂದು ನಾನು ಬೈಯುತ್ತಿದ್ದೆ. ಅವನು ನಗುತ್ತಲೇ ನೋಡಿ ಮುಗಿಸುತ್ತಿದ್ದ.

ಅಮ್ಮ ತೀರಿ ಆರು ವರ್ಷ. ಅವನಿಗೆ ಹಾಲಹರವಿಯ ಹುಡುಗಿ ಗೌಸಿಯಾಳ ಜೊತೆ ಮದುವೆ ಗೊತ್ತಾದಾಗ, ಮದುವೆಗೆ ನಾಲ್ಕು ದಿನ ಮುಂಚೆ ಪೀರಮ್ಮ ಮೊರದಲ್ಲಿ ಒಂದು ಸೇರು ತೌಡು ಇಟ್ಟುಕೊಂಡು ಮಿಲ್ಲಿಗೆ ಬಂದಳು. ಮಾರಿದ ಕೂಸನ್ನು ಮದುವೆಗೆ ಮೊದಲು ತೌಡು ಕೊಟ್ಟು ಬಿಡಿಸಿಕೊಳ್ಳಬೇಕು, ಅದು ಪದ್ಧತಿ. ಅಮ್ಮ ಇಲ್ಲದ್ದರಿಂದ ನಾನು ಹೊಸ್ತಿಲಲ್ಲಿ ನಿಂತು ತೌಡು ತೆಗೆದುಕೊಂಡು, ಇಗೋ ನಿನ್ನ ಕೂಸು ಎನ್ನಬೇಕಿತ್ತು. ಎರಡು ನಿಮಿಷದ ಕೆಲಸ. ಅಂಗಳದಲ್ಲಿ ನಾಲ್ಕು ಲಾರಿ ನಿಂತಿದ್ದವು, ಸೀಜನ್ನಿನ ಗದ್ದಲ. ಈ ತೌಡಿನ ವ್ಯಾಪಾರಕ್ಕೆ ನನಗೆ ಪುರುಸೊತ್ತಿಲ್ಲ, ಆಮೇಲೆ ನೋಡೋಣ ಎಂದು ಅಂದುಬಿಟ್ಟೆ. ಅವಳು ಮೊರ ಎತ್ತಿಕೊಂಡು ಹೋದಳು.

ಮದುವೆ ಭಾನುವಾರ, ಷಾದಿಖಾನೆಯಲ್ಲಿ. ನಿಕಾ ಓದಿದ ಖಾಜಿ ಓದಿಕೊಂಡವರು. ವರನ ಹೆಸರು ಕೇಳಿ ಅವರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಈ ಹೆಸರಿನವನಿಗೆ ನಾನು ನಿಕಾ ಓದಿದ್ದು ಇದೇ ಮೊದಲು ಎಂದು ಹೇಳಿ, ಎಲ್ಲರಿಗೂ ತಿಳಿಯಲೆಂದು ಆ ಹಳೆಯ ಹಂಜಲಾನ ಕಥೆಯನ್ನು ಉರ್ದುವಿನಲ್ಲಿ ಸ್ವಲ್ಪ, ತೆಲುಗಿನಲ್ಲಿ ಸ್ವಲ್ಪ ಹೇಳಿದರು. ಈ ಸಲ ಪೂರ್ತಿ ಹೇಳಿದರು. ಅವನಿಗೆ ಮದುವೆಯಾಯಿತು, ಮರುದಿನ ಬೆಳಿಗ್ಗೆ ಯುದ್ಧದ ಕರೆ ಬಂತು. ಸ್ನಾನಕ್ಕೂ ನಿಲ್ಲದೆ ಹೊಸ ಹೆಂಡತಿಯನ್ನು ಬಿಟ್ಟು ಓಡಿದ. ಆ ದಿನವೇ ರಣದಲ್ಲಿ ಬಿದ್ದ. ಸ್ನಾನವಿಲ್ಲದೆ ಹೋದವನಿಗೆ ಕೊನೆಯ ಸ್ನಾನವನ್ನು ಫರಿಸ್ತೆಗಳು ಮಾಡಿಸಿದರು. ಅಂಥ ಹೆಸರು ಈ ವರನದು, ಭಾಗ್ಯವಂತ ಎಂದರು. ಗಂಡಸರ ಕಡೆ ಸುಭಾನಲ್ಲಾ ಎಂದು ಮೆಚ್ಚುಗೆ ಎದ್ದಿತು. ಪರದೆಯ ಆಚೆ ಹೆಂಗಸರ ಕಡೆ ಒಂದು ಸ್ಟೀಲ್ ಲೋಟ ಬಿದ್ದ ಸದ್ದಾಯಿತು. ಯಾವುದೋ ಮಗು ಬೀಳಿಸಿತು ಎಂದುಕೊಂಡೆ.

ಮಾಂಸ ತಿನ್ನದ ನಮ್ಮಂಥವರಿಗೆಂದು ಪೀರಮ್ಮ ಬೇರೆ ಒಲೆ ಹೂಡಿಸಿ, ನಮ್ಮವರ ಅಡುಗೆಯವನನ್ನೇ ಕರೆಸಿದ್ದಳು. ನಾನು ಎಲೆಯ ಮುಂದೆ ಕೂತಿದ್ದೆ. ಅವಳು ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮುಖದಲ್ಲಿ ರಕ್ತವಿರಲಿಲ್ಲ.

"ಸಿದ್ದಲಿಂಗಾ, ನಾಳಿ ಒಂದಿನ ಅವನ್ನ ಮಿಲ್ಲಿಗೆ ಕರೀಬ್ಯಾಡಪ್ಪ. ಬೆಂಕಿ ಬಿದ್ರೂ ಕರೀಬ್ಯಾಡ."

ನಾಳೆ ಗಂಡಿನ ಮನೆಯಲ್ಲಿ ವಲೀಮಾದ ಔತಣ ಇಟ್ಟುಕೊಂಡವನನ್ನು ಯಾವ ಮೂರ್ಖ ಕೆಲಸಕ್ಕೆ ಕರೆಯುತ್ತಾನೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ತೌಡು ವಾಪಸಾಗಿಲ್ಲ, ಅವನು ಇನ್ನೂ ನಿಮ್ಮ ಮನೆಯ ಮಗ, ನೀನು ಬಾ ಎಂದರೆ ತಡೆಯುವ ಹಕ್ಕು ನನಗಿಲ್ಲ ಎಂದಳು. ಲಿಂಗ ಮುಟ್ಟಿ ಹೇಳು ಎಂದಳು. ಎಲೆಯಲ್ಲಿ ಪಾಯಸ ಆರುತ್ತಿತ್ತು, ಅಕ್ಕಪಕ್ಕದವರು ನೋಡುತ್ತಿದ್ದರು. ಬೇಗ ಮುಗಿದರೆ ಸಾಕೆಂದು ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿ ಮಾತು ಕೊಟ್ಟೆ. ಕೊಡುವಾಗ ಅದು ಎಷ್ಟು ಭಾರದ್ದು ಎಂದು ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಸುಂಕಮ್ಮ ನನ್ನ ಆಫೀಸಿಗೆ ಬಂದಳು. ಹತ್ತಿ ಆರಿಸುವ ಹೆಂಗಸರಿಗೆಲ್ಲ ಅವಳೇ ಮುಂದಾಳು, ಮೂವತ್ತು ವರ್ಷದಿಂದ ಇದ್ದಾಳೆ. ಗೋದಾಮಿನಲ್ಲಿ ಸುಟ್ಟ ಬಟ್ಟೆಯ ವಾಸನೆ ಬರುತ್ತಿದೆ ಎಂದಳು. ಹಿಂದಿನ ದಿನ ಮದುವೆಯ ಊಟ ಮುಗಿಸಿ ಬಂದವನು, ಲಾರಿಗಳು ಕಾಯುತ್ತಿವೆಯೆಂದು ಸಂಜೆ ಏಳರವರೆಗೆ ಜಿನ್ನು ಓಡಿಸಿದ್ದೆ. ಪ್ರೆಸ್ಸಿನ ಮುಂದೆ ಫೋರ್‌ಮನ್ ಆಂಜಿನಪ್ಪನನ್ನು ನಿಲ್ಲಿಸಿದ್ದೆ. ಗಂಟೆಗೊಮ್ಮೆ ನಿಲ್ಲಿಸಿ ಕೈ ಹಾಕಿ ನೋಡು ಎಂದು ನಾನು ಹೇಳಲಿಲ್ಲ, ಅವನು ನೋಡಲಿಲ್ಲ. ಆ ಹೊತ್ತಿನಲ್ಲಿ ಕಟ್ಟಿದ ಅರವತ್ತು ಬೇಲುಗಳು ಗೋದಾಮಿನ ಇನ್ನೂರರ ನಡುವೆ ಸೇರಿಹೋಗಿದ್ದವು.

ಗೋದಾಮಿಗೆ ಹೋದೆವು. ಹೊಗೆ ಕಾಣುತ್ತಿರಲಿಲ್ಲ, ವಾಸನೆ ಇತ್ತು. ನಾಲ್ಕು ನಾಲ್ಕು ಬೇಲುಗಳನ್ನು ಒಂದರ ಮೇಲೊಂದು ಏರಿಸಿದ ಸಾಲುಗಳು. ಹಿಂದಿನ ಗೋಡೆಗೆ ಅಂಟಿಕೊಂಡು ಕೂಲಿಯವರ ಸಾಲುಮನೆ. ಹೆಂಗಸರನ್ನೂ ಸಾಲುಮನೆಯ ಮುದುಕರನ್ನೂ ಮಕ್ಕಳನ್ನೂ ರಸ್ತೆಯ ಆಚೆ ಕಳಿಸಿದೆ. ಅಗ್ನಿಶಾಮಕದವರಿಗೆ ಫೋನ್ ಹೋಯಿತು. ಅವರ ಗಾಡಿ ಆಗಲೇ ಒಂದು ಹಳ್ಳಿಯ ಬಣವೆ ಆರಿಸಲು ಹೋಗಿತ್ತು, ಅಲ್ಲಿಂದಲೇ ಹೊರಟಿದ್ದೇವೆ, ಮುಕ್ಕಾಲು ಗಂಟೆ ಬೇಕು ಎಂದರು. ಮುಕ್ಕಾಲು ಗಂಟೆ ಆ ಬೇಲು ತಡೆಯುತ್ತದೆಯೋ ಇಲ್ಲವೋ ಹೇಳುವವನು ಒಬ್ಬನೇ ಇದ್ದ. ಯಾವ ಬೇಲು ಎಂದು ಹೇಳುವವನೂ ಅವನೇ. ಅದೊಂದನ್ನು ಬಿಚ್ಚದೆ ಹೊರಗೆ ಉರುಳಿಸಿಬಿಟ್ಟರೆ ಮಿಕ್ಕದ್ದೆಲ್ಲ ಉಳಿಯುತ್ತದೆ. ತಪ್ಪು ಬೇಲು ಎಳೆದರೆ ಸಾಲಿನೊಳಗೆ ಗಾಳಿ ನುಗ್ಗುತ್ತದೆ.

ಆಂಜಿನಪ್ಪ ಫೋನ್ ಚಾಚಿದ. ಹಂಜಲಾನ ನಂಬರು ತೆರೆದೇ ಇತ್ತು. ನಾನು ತೆಗೆದುಕೊಂಡೆ. ಸುಳ್ಳು ಹೇಳಿ ಏನು ಪ್ರಯೋಜನ, ಆ ಗಳಿಗೆಯಲ್ಲಿ ನನಗೆ ಪೀರಮ್ಮ ನೆನಪಾಗಲಿಲ್ಲ, ಲಿಂಗವೂ ನೆನಪಾಗಲಿಲ್ಲ. ನೆನಪಾದದ್ದು ಅಪ್ಪ ಕಟ್ಟಿಸಿದ ಮಿಲ್ಲು. ಅವನು ನಮ್ಮ ಮನೆಯ ಮಗ, ತೌಡು ನಾನೇ ಅಳೆದದ್ದು, ಕರೆದರೆ ಬರುತ್ತಾನೆ ಎಂದು ಕೂಡ ಯೋಚಿಸಿದೆ. ಬೆರಳು ಒತ್ತುವುದರಲ್ಲಿತ್ತು. ಬಗ್ಗಿದಾಗ ಅಂಗಿಯೊಳಗಿನ ಕರಡಿಗೆ ಎದೆಗೆ ತಣ್ಣಗೆ ತಾಗಿತು. ಫೋನನ್ನು ಆಂಜಿನಪ್ಪನ ಕೈಗೆ ತಿರುಗಿ ಕೊಟ್ಟೆ.

"ಅವನ್ನ ಕರೆಯೋಹಂಗಿಲ್ಲ. ಮಾತು ಕೊಟ್ಟೀನಿ. ನಾನ ನೋಡ್ತೀನಿ, ನಡಿ."

ಹಂಜಲಾ ಬೇಲುಗಳ ಕಬ್ಬಿಣದ ಪಟ್ಟಿಯನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುವುದನ್ನು ಹನ್ನೊಂದು ವರ್ಷ ಕಂಡಿದ್ದೆ. ಹಾಗೆಯೇ ಮುಟ್ಟುತ್ತಾ ಹೋದೆ. ಎಲ್ಲ ಪಟ್ಟಿಗಳೂ ಒಂದೇ ಥರ ಅನ್ನಿಸಿದವು. ಹೆದರಿದವನ ಕೈಗೆ ಎಲ್ಲವೂ ಬಿಸಿಯೇ. ಮೂರನೆಯ ಸಾಲಿಗೆ ಬರುವಾಗ ಕಣ್ಣು ಉರಿಯತೊಡಗಿತು, ಈಗ ಹೊಗೆಯೂ ಕಾಣುತ್ತಿತ್ತು, ಎಲ್ಲಿಂದ ಎಂದು ತಿಳಿಯುತ್ತಿರಲಿಲ್ಲ. ಆಂಜಿನಪ್ಪ ಕೆಮ್ಮಿ ಕೆಮ್ಮಿ ಹೊರಗೆ ಹೋದ. ನಾನು ಹೋಗಲಿಲ್ಲ. ಧೈರ್ಯವಲ್ಲ ಅದು, ಹಟ. ನಿನ್ನೆ ಗಂಟೆಗೊಮ್ಮೆ ನಿಲ್ಲಿಸಲಿಲ್ಲ ಎಂಬುದು ತಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಇದೇ ಇರಬೇಕು ಎಂದುಕೊಂಡು ಒಂದು ಬೇಲನ್ನು ಎಳೆಯಲು ಹೋದೆ. ಅದರ ಹಿಂದಿನ ಸಂದಿನಿಂದ ಬುಸ್ಸೆಂದು ಬಿಸಿಗಾಳಿ ಬಂದು ಎಡತೋಳಿನ ಅಂಗಿ ಕರಕಾಗಿ ತೋಳೂ ಸುಟ್ಟಿತು. ಬಾಗಿಲು ಯಾವ ಕಡೆ ಎಂದು ಮರೆತೆ. ಗೋಡೆ ಹಿಡಿದುಕೊಂಡು ಹೊರಗೆ ಬಂದು ಬಿದ್ದೆ.

ಎದ್ದು ನೋಡಿದರೆ ಗೇಟಿನಲ್ಲಿ ಆಟೊ ನಿಂತಿದೆ. ಮದುವೆಯ ಶೇರ್ವಾನಿಯಲ್ಲಿ ಹಂಜಲಾ ಇಳಿಯುತ್ತಿದ್ದಾನೆ. ಹಿಂದೆ ಅವನ ತಾಯಿ, ಅವಳ ಹಿಂದೆ ಮೊಣಕೈತನಕ ಗೋರಂಟಿ ಹಚ್ಚಿದ ಗೌಸಿಯಾ.

ನಡೆದದ್ದು ಇಷ್ಟು. ಪೀರಮ್ಮ ಬೆಳಿಗ್ಗೆಯಿಂದ ಮಗನ ಫೋನನ್ನು ತನ್ನ ಸೆರಗಿನಲ್ಲಿ ಕಟ್ಟಿಕೊಂಡು, ಬಾಗಿಲಿಗೆ ಅಡ್ಡ ಚಾಪೆ ಹಾಸಿ ಕೂತಿದ್ದಳು. ಸುಂಕಮ್ಮ ರಸ್ತೆಯ ಆಚೆಯಿಂದ ಆ ಫೋನಿಗೆ ಮಾಡಿದಳು. ಹಂಜಲಾನನ್ನು ಕಳಿಸಿ ಎಂದು ಕೇಳಲಿಲ್ಲವಂತೆ. ಸಾವ್ಕಾರ ಯಾರಿಗೋ ಮಾತು ಕೊಟ್ಟಿದ್ದಾನಂತೆ, ತಾನೇ ಒಳಗೆ ಹೋಗಿದ್ದಾನೆ, ಎಷ್ಟು ಹೊತ್ತಾದರೂ ಬಂದಿಲ್ಲ ಎಂದು ಅತ್ತಳಂತೆ. ಪೀರಮ್ಮ ಫೋನ್ ಹಿಡಿದುಕೊಂಡೇ ಮನೆಯನ್ನೊಮ್ಮೆ ನೋಡಿದಳು. ವಲೀಮಾಕ್ಕೆ ಬಂದ ನೆಂಟರು, ಒಲೆಯ ಮೇಲೆ ಬೇಯುತ್ತಿದ್ದ ಅಕ್ಕಿ. ಆಮೇಲೆ ಎದ್ದು ಚಾಪೆ ಸುತ್ತಿಟ್ಟು, ಮಗನನ್ನು ಅವಳೇ ಕರೆದಳು.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಸಾಯಲು ಹೋಗಿ ಉಳಿಸಿಕೊಂಡ ಮಾತನ್ನು ಇವಳು ಆಟೊದಲ್ಲಿ ಕೂರಿಸಿಕೊಂಡು ತಂದಿದ್ದಾಳೆ. ಯಾಕೆ ಕರೆತಂದೆ, ತಿರುಗಿ ಕರೆದುಕೊಂಡು ಹೋಗು ಎಂದು ಕೂಗಿದೆ. ಅವಳು ನನ್ನ ಸುಟ್ಟ ತೋಳನ್ನು ನೋಡಿದಳು.

"ನಿಮ್ಮವ್ವ ನನ್ನ ಮಗನ್ನ ಉಳಿಸಿಕೊಟ್ಟಾಳ. ಆಕಿ ಮಗನ್ನ ಸುಟ್ಟು ನನ್ನ ಮಗನ್ನ ಮನಿಯಾಗ ಇಟಗೊಂಡು ಕೂಡ್ಲ್ಯಾ?"

ಹಂಜಲಾ ಆಗಲೇ ಗೋದಾಮಿನ ಬಾಗಿಲ ಕಡೆ ಹೊರಟಿದ್ದ. ಅವಳು ಓಡಿಹೋಗಿ ಅವನ ಶೇರ್ವಾನಿಯ ಹಿಂಬದಿ ಹಿಡಿದಳು. ಬೆಂಕಿಗೆಂದು ಅಂಗಳದಲ್ಲಿ ಕಟ್ಟಿಸಿದ ನೀರಿನ ತೊಟ್ಟಿಯ ಹತ್ತಿರ ಎಳೆದು ತಂದು, ಬಕೆಟ್ಟು ಅದ್ದಿದಳು.

"ಅಮ್ಮಾ, ಮುಂಜಾನಿ ಸ್ನಾನ ಆಗೇತಿ," ಎಂದ ಅವನು. ಅವಳಿಗೆ ಕೇಳಿಸಲಿಲ್ಲ. ತಲೆಯ ಮೇಲೆ ಒಂದು ಬಕೆಟ್ಟು ಸುರಿದಳು. ಎರಡನೆಯದನ್ನು ಗೌಸಿಯಾ ತುಂಬಿ ಕೊಟ್ಟಳು. ಹೊಸ ಶೇರ್ವಾನಿ, ಜರಿ, ಕೊರಳಲ್ಲಿ ಬಾಡಿದ ಮಲ್ಲಿಗೆ, ಎಲ್ಲ ತೊಯ್ದವು. ಆ ಮುದುಕಿ ಎಳೆಗೂಸಿಗೆ ಹಾಕುವ ಹಾಗೆ ಅವನ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ಇಳಿಯದಂತೆ, ನೀರು ಹುಯ್ಯುತ್ತಿದ್ದಳು. ಬೆನ್ನು, ತೋಳು, ಎದೆ, ಎಲ್ಲ ಕಡೆ ಕೈಯಾಡಿಸಿ ತೋಯಿಸಿದಳು. ಹೊಗೆ ಬಾಗಿಲಿನಿಂದ ಹೊರಗೆ ಬರುತ್ತಿತ್ತು. ಯಾರೂ ಅವಳನ್ನು ಅವಸರ ಮಾಡಲಿಲ್ಲ, ಮುಂಗೋಪಿಯಾದ ನಾನೂ ಮಾಡಲಿಲ್ಲ.

"ಇವನ ಮೈ ನಾನ ತೊಳೀತೀನಿ. ಮತ್ತ್ಯಾರೂ ಇಳಿದು ಬರೋದು ಬ್ಯಾಡ," ಎಂದಳು. ಯಾರಿಗೆ ಹೇಳಿದಳೋ, ಮುಖ ಮೇಲಕ್ಕೆ ಇತ್ತು. ಆಮೇಲೆ ಅವನ ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ತಳ್ಳಿದಳು.

ನಾನೂ ಒದ್ದೆ ಟವೆಲು ಮುಖಕ್ಕೆ ಕಟ್ಟಿಕೊಂಡು ಅವನ ಹಿಂದೆ ಹೋದೆ, ಆಂಜಿನಪ್ಪನೂ ಬಂದ. ಹಂಜಲಾ ನನ್ನ ಹಾಗೆ ಎಲ್ಲವನ್ನೂ ಮುಟ್ಟಲಿಲ್ಲ. ಒಂದು ಕಡೆ ನಿಂತು ಮೂಗೆಳೆದ. ಶೇರ್ವಾನಿಯ ತುದಿ ಹಿಂಡಿ, ನಾಲ್ಕನೆಯ ಸಾಲಿನ ಪಟ್ಟಿಗಳ ಮೇಲೆ ನೀರು ಚಿಮುಕಿಸುತ್ತಾ ನಡೆದ. ನೀರು ಎಲ್ಲ ಕಡೆ ಹಾಗೇ ಇತ್ತು. ನೆಲದಿಂದ ಎರಡನೆಯ ಬೇಲಿನ ನಡುಪಟ್ಟಿಯ ಮೇಲೆ ಬಿದ್ದ ಹನಿ ಸಣ್ಣಗೆ ಸರ್ ಎಂದು ಆರಿಹೋಯಿತು. ಕೈ ಎತ್ತಿದ. ನಾನು ಎಳೆಯಲು ಹೋಗಿದ್ದ ಬೇಲಿಗೂ ಅದಕ್ಕೂ ನಡುವೆ ಎರಡೇ ಅಡಿ.

ಮೇಲಿನ ಎರಡನ್ನು ಮೂವರೂ ಸೇರಿ ಆಚೆಗೆ ಜಾರಿಸಿದೆವು. ಬಿಸಿ ಬೇಲನ್ನು ಕೊಕ್ಕೆ ಹಾಕಿ ನೆಲಕ್ಕೆ ಇಳಿಸಿ ಉರುಳಿಸತೊಡಗಿದೆವು. ಪಟ್ಟಿ ಕಿತ್ತರೆ ಬೇಲು ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡರೆ ಒಳಗಿನ ಕೆಂಡಕ್ಕೆ ಗಾಳಿ. ಒಂದು, ಎರಡು ಎಂದು ಎಣಿಸಿಕೊಂಡು ಉರುಳಿಸುತ್ತಿದ್ದೆವು. ಬಾಗಿಲು ಹತ್ತು ಹೆಜ್ಜೆ ಇತ್ತು. ಆರು. ನಾಲ್ಕು. ಬಾಗಿಲ ಹೊಸ್ತಿಲಿಗೆ ಬಂದಾಗ ಟಣ್ ಎಂದು ಒಂದು ಪಟ್ಟಿ ಕಿತ್ತು ಗೋಡೆಗೆ ಬಡಿಯಿತು. ಬೇಲಿನ ಹೊಟ್ಟೆ ಸೀಳಿ ಜ್ವಾಲೆ ಎದೆಯೆತ್ತರ ಎದ್ದಿತು. ಆಂಜಿನಪ್ಪ ಹಿಂದಕ್ಕೆ ಹಾರಿದ, ನಾನೂ ಹಾರಿದೆ. ಹಂಜಲಾ ಹಾರಲಿಲ್ಲ. ಬೇಲಿಗೆ ಮೈ ಹಚ್ಚಿ ನಿಂತವನು ಅವನೊಬ್ಬನೇ. ಅವನು ಕೈ ಬಿಟ್ಟಿದ್ದರೆ ಬೇಲು ಬಾಗಿಲಲ್ಲೇ ಉರಿಯುತ್ತಿತ್ತು, ನಾವು ಮೂವರೂ ಒಳಗೆ. ಅವನು ತೊಯ್ದ ಹೆಗಲನ್ನು ಅದಕ್ಕೆ ಆನಿಸಿ ಒಮ್ಮೆ ತಳ್ಳಿದ. ಬಿಳಿ ಹಬೆಯೊಳಗೆ ಅವನು ಕಾಣದೆ ಹೋದ.

ಅಂಗಳದಲ್ಲಿ ಗೌಸಿಯಾ ಕಿರುಚಿದ್ದು ಕೇಳಿಸಿತು. ಪೀರಮ್ಮನ ದನಿ ಕೇಳಿಸಲಿಲ್ಲ. ಬೇಲು ಇಳಿಜಾರಿನಲ್ಲಿ ಉರುಳಿ ಅಂಗಳದ ನಡುವೆ ಹೋಗಿ ನಿಂತು, ಅಲ್ಲಿ ಧಗಧಗ ಉರಿಯಿತು. ಹಬೆ ಕರಗಿದಾಗ ಹೊಸ್ತಿಲ ಆಚೆ ಹಂಜಲಾ ಮಂಡಿಯೂರಿ ಕೂತಿದ್ದ. ಶೇರ್ವಾನಿಯಿಂದ ಇನ್ನೂ ಹಬೆ ಏಳುತ್ತಿತ್ತು. ಹೆಗಲ ಬಟ್ಟೆ ಕಂದಿತ್ತು, ಬಲಗೈ ಮಣಿಕಟ್ಟಿನಿಂದ ಮೇಲೆ ಕೆಂಪಗೆ ಬೊಬ್ಬೆ. ತಲೆ ಎತ್ತಿ, ಮಿಕ್ಕ ಸಾಲುಗಳಿಗೂ ನೀರು ಚಿಮುಕಿಸಿ ನೋಡಬೇಕು ಅಣ್ಣಾರ ಎಂದ. ನಾನು ಅವನನ್ನು ಬೈದೆ. ಏನು ಬೈದೆ ಎಂದು ನೆನಪಿಲ್ಲ, ಅಳುತ್ತಾ ಬೈದೆ.

ಅಗ್ನಿಶಾಮಕದವರು ಬಂದು ಅಂಗಳದ ಬೇಲಿಗೆ ನೀರು ಹೊಡೆದರು, ಗೋದಾಮನ್ನೆಲ್ಲ ನೋಡಿದರು. ಡಾಕ್ಟರು ಹಂಜಲಾನ ಕೈಗೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದರು. ವಲೀಮಾದ ಅನ್ನವನ್ನು ನೆಂಟರು ಪಾತ್ರೆ ಸಮೇತ ಮಿಲ್ಲಿಗೇ ತಂದರು. ಸಾಲುಮನೆಯವರು, ಕೂಲಿಯವರು, ಬೆಂಕಿ ಆರಿಸಿದವರು ಎಲ್ಲರೂ ಅಂಗಳದಲ್ಲೇ ಉಂಡರು. ಪೀರಮ್ಮ ಮಾತ್ರ ತೊಟ್ಟಿಯ ಪಕ್ಕದಿಂದ ಏಳಲಿಲ್ಲ. ಒಂದು ತುತ್ತು ಬಾಯಿಗೆ ಹಾಕಲಿಲ್ಲ, ಮಗನ ಕಡೆ ನೋಡಲೂ ಇಲ್ಲ. ಕೂಸಿನ ಮುಖವನ್ನು ನೋಡಲು ಹೆದರುತ್ತಿದ್ದ ನಾಗಲದಿನ್ನೆಯ ಬಾಣಂತಿಯೇ ಅಲ್ಲಿ ಕೂತಿದ್ದಳು. ಮುಸ್ಲಿಮರ ಲೆಕ್ಕದಲ್ಲಿ ದಿನ ಮುಗಿಯುವುದು ಸೂರ್ಯ ಮುಳುಗಿದಾಗ. ಮಸೀದಿಯಿಂದ ಮಗ್ರಿಬ್‌ನ ಅಜಾನ್ ಕೇಳಿದ ಮೇಲೆ ಅವಳು ಮಗನನ್ನು ಹತ್ತಿರ ಕರೆದು, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಎಷ್ಟೋ ಹೊತ್ತು ನೋಡಿದಳು.

ಅವನ ಕೈ ಮಾಗಲು ತಿಂಗಳು ಹಿಡಿಯಿತು. ಈಗ ಮತ್ತೆ ಪ್ರೆಸ್ಸಿನ ಮುಂದೆ ಇದ್ದಾನೆ, ಗಂಟೆಗೊಮ್ಮೆ ನಿಲ್ಲಿಸುತ್ತಾನೆ. ನಾನು ಬೈಯುವುದಿಲ್ಲ.

ಆ ವಾರವೇ ನಾನು ಪೀರಮ್ಮನಿಗೆ ಹೇಳಿ ಕಳಿಸಿದೆ, ತೌಡು ತೆಗೆದುಕೊಂಡು ಬಾ, ಅವತ್ತು ಅಟ್ಟಿದ್ದು ನನ್ನ ತಪ್ಪು ಎಂದು. ಬಂದಳು. ಅಮ್ಮ ನಿಂತಿದ್ದ ಹೊಸ್ತಿಲ ಮೇಲೆಯೇ ನಾನು ನಿಂತೆ. ಅವಳು ಮೊರವನ್ನು ಕೆಳಗಿಟ್ಟಳು. ಸೇರು ಗೋಪುರದ ಹಾಗೆ ತುಂಬಿತ್ತು. ನಾನು ಬಗ್ಗಿ ತೆಗೆದುಕೊಳ್ಳಲು ಹೋದೆ, ಅವಳು ಅಂಗೈ ಅಡ್ಡ ಇಟ್ಟಳು.

"ತಂದೀನಿ, ಕೊಡಂಗಿಲ್ಲ. ಅವ ನಿಮ್ಮನಿಯವನ ಆಗಿ ಇರ್ಲಿ. ಅವತ್ತು ಸಾವು ನಮ್ಮ ಬಾಗಿಲಿಗೆ ಬಂದು, ಪೀರಮ್ಮನ ಮಗ ಇಲ್ಲಿಲ್ಲ ಅಂತ ತಿರುಗಿ ಹೋಗೇತಿ."

ಆಮೇಲೆ ಒಂದು ತಂಬಿಗೆ ನೀರು ಕೇಳಿದಳು. ಕುಡಿಯಲು ಎಂದುಕೊಂಡು ತಂದುಕೊಟ್ಟೆ. ಅವಳು ಕುಡಿಯಲಿಲ್ಲ.

"ನೀ ಅವತ್ತು ಒಣ ಅಂಗೀಲೆ ಒಳಗ ಹೋದಿ. ನಿನಗ ನೀರು ಹಾಕೋರು ಯಾರೂ ಇರ್ಲಿಲ್ಲ," ಎಂದಳು. ತಂಬಿಗೆಯಲ್ಲಿ ಕೈ ಅದ್ದಿ ನನ್ನ ಹಣೆ, ಕೆನ್ನೆ, ಸುಟ್ಟಿದ್ದ ತೋಳನ್ನು ನಿಧಾನವಾಗಿ ತೊಳೆದಳು. ಕಣ್ಣಿಗೆ ಇಳಿಯದಂತೆ ಹುಬ್ಬಿನ ಮೇಲೆ ಅಂಗೈ ಅಡ್ಡ ಹಿಡಿದಿದ್ದಳು.

ನನಗೆ ನಲವತ್ತು ವರ್ಷ, ಓಣಿಯವರು ನೋಡುತ್ತಿದ್ದರು. ಅವಳು ಮುಗಿಸುವತನಕ ನಾನು ಸುಮ್ಮನೆ ತಲೆ ಬಗ್ಗಿಸಿ ನಿಂತಿದ್ದೆ.